ಕುಶಾಲಿನ ಚೀಟಿ

ಜನವರಿ 6

ಅಖಂಡ ತ್ರಿಸದಸ್ಯ ಶಾಸನಸಭಾ ಕ್ಷೇತ್ರದ (ಈಗ ಇಲ್ಲ) ಗೌರವಾನ್ವಿತ ಮಾಜಿ ಸದಸ್ಯರೂ, ಬಾಚಣಿಗೆ ಚಿಹ್ನೆಯಿಂದ ವಿರಾಜಮಾನರೂ, ಬೊಚ್ಚುಬಾಯಿಗಳ ಬಂಧುವೂ, ಕಟ್ಟುಹಲ್ಲಿನ ಕುಶಲ ಶಿಲ್ಪಿಯೂ, ನನ್ನ ತಾಯಿಯ ಒಬ್ಬನೇ ತಮ್ಮನೂ ಆದ ಮಹಾಮಹಿಮ ಸೋದರಮಾವನವರ ದಿವ್ಯ ಸನ್ನಿಧಾನಕ್ಕೆ, ಅವರ ಅಕ್ಕನ ಮಗಳು, ವಾರಪತ್ರಿಕೆಯೊಂದರ ಕರಡು ತಿದ್ದುವ ಕುರ್ಚಿಯಲ್ಲಿ (ಒಂದು ಕಾಲು ಕುಂಟು) ಆಸೀನಳಾಗಿ, ಬಾಗಿ, ಸೊಂಟ ಹಿಡಿದುಕೊಂಡು, ನಿವೇದಿಸಿಕೊಳ್ಳುವುದೇನೆಂದರೆ:

ಇಲ್ಲಿಂದ ಮುಂದೆ 'ನೀನು' ಎನ್ನುತ್ತೇನೆ ಮಾವ. 'ತಾವು' ಬರೆದರೆ ಕೈ ನೋಯುತ್ತದೆ.

ಸುದ್ದಿ ನಿನಗೂ ತಲುಪಿರಬಹುದು. ನೀನು ಊರು ಬಿಟ್ಟ ಮೇಲೆ ನಮ್ಮ ಕ್ಷೇತ್ರವನ್ನು ಮೂರು ಹೋಳು ಮಾಡಿದರಲ್ಲ, ಆ ಮೂರೂ ಹೋಳು ಒಂದೇ ಮನೆಯ ತಟ್ಟೆಗೆ ಬಿದ್ದವಲ್ಲ, ಅವನ್ನು ಈಗ ಮತ್ತೆ ಅಂಟಿಸುತ್ತಾರಂತೆ. ಬರುವ ಚುನಾವಣೆಗೆ ಹಳೆಯ ಹಾಗೇ ಒಂದು ಕ್ಷೇತ್ರ, ಮೂರು ಕುರ್ಚಿ, ಒಬ್ಬೊಬ್ಬ ಮತದಾರನಿಗೂ ಮೂರು ಚೀಟಿ. ಸಂಪಾದಕರು ನನ್ನನ್ನು ಕರೆದು, "ಆ ಕಾಲದ ಚುನಾವಣೆಗಳ ಇತಿಹಾಸ ಬರಿ. ಹಗುರವಾಗಿರಲಿ, ಜನ ನಗಬೇಕು" ಅಂದರು. ನಗಿಸುವುದಕ್ಕೆ ನನ್ನನ್ನು ಕರೆದದ್ದು ಇದೇ ಮೊದಲು. ಸಾಮಾನ್ಯವಾಗಿ ನಗಿಸಿದ್ದಕ್ಕೆ ಕರೆದು ಬೈಯುತ್ತಾರೆ.

ಮೊದಲ ಕಂತು ಬರೆದು ಮುಗಿಸಿದ್ದೇನೆ. ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟಿದ್ದರಂತೆ. ಒಂದು ಪೆಟ್ಟಿಗೆಗೆ ಒಂದೇ ಚೀಟಿ ಹಾಕಬೇಕು. ನಮ್ಮವರು ಮೂರನ್ನೂ ಒಂದರಲ್ಲೇ ತುರುಕಿ ಎಲ್ಲ ಕುಲಗೆಡಿಸಿದರಂತೆ. ಎರಡನೆಯದರ ಹೊತ್ತಿಗೆ ಕಲಿತರು. ಮೊದಲನೇ ಚೀಟಿ ಹೊಟ್ಟೆಗೆ, ಅಂದರೆ ಕೆಲಸ ಕೊಟ್ಟ ಗಿರಣಿಯ ಪಕ್ಷಕ್ಕೆ. ಎರಡನೆಯದು ನೆಂಟಸ್ತಿಕೆಗೆ, ಅಂದರೆ ಭಾವಮೈದ ಯಾರ ಬಾವುಟ ಹಿಡಿದಿದ್ದಾನೋ ಅವರಿಗೆ. ಮೂರನೆಯದು ಕುಶಾಲಿಗೆ. ಎಲ್ಲಾದರೂ ಹಾಕಬೇಕಲ್ಲ ಎಂದು ಹಾಕುವುದು. ಮನೆಗೆ ಬಂದು, "ನಾನು ಇಂಥವನಿಗೆ ಹಾಕ್ದೆ" ಎಂದು ಹೇಳಿ ನಗುವುದು.

ನಾಲ್ಕನೆಯ ಮತ್ತು ಕೊನೆಯ ಚುನಾವಣೆಯಲ್ಲಿ ಆ ಕುಶಾಲಿನ ಚೀಟಿಗಳೆಲ್ಲ ಒಂದೇ ಪೆಟ್ಟಿಗೆಗೆ ಬಿದ್ದವು. ಹಾಕುವವರೆಲ್ಲ ತಾನೊಬ್ಬನೇ ಹಾಕುತ್ತಿದ್ದೇನೆ ಎಂದುಕೊಂಡಿದ್ದರು. ಪೆಟ್ಟಿಗೆಯ ಮೇಲೆ ಬಾಚಣಿಗೆಯ ಚಿತ್ರವಿತ್ತು. ಮುಂದಿನದನ್ನು ತಾವೇ ಅಪ್ಪಣೆ ಕೊಡಿಸಬೇಕು. ಅಮ್ಮನನ್ನು ಕೇಳಿದರೆ ಸೌಟನ್ನು ಪಾತ್ರೆಗೆ ಬಡಿಯುತ್ತಾಳೆ. "ಸತ್ತ ಕ್ಷೇತ್ರ ಅದು. ಯಾಕೆ ಕೆದಕ್ತೀಯಾ?" ಅನ್ನುತ್ತಾಳೆ. ಇತಿಹಾಸ ಅಂದರೆ ಮತ್ತೇನು ಎಂದು ಕೇಳಿದ್ದಕ್ಕೆ ಸೌಟು ನನ್ನ ಕಡೆಗೇ ಬಂತು.

ಪ್ರತೀ ವರ್ಷ ಹುಟ್ಟುಹಬ್ಬಕ್ಕೆ ಕಾಗದ ಬರೆಯುವ, ಆದರೆ ಇದುವರೆಗೆ ಮುಖ ತೋರಿಸದ ಮಾವನಿಗೆ,
ತರಲೆ (ಇದು ನೀನೇ ಕೊಟ್ಟ ಬಿರುದು)


ಜನವರಿ 19

ತರಲೆಗೆ ಆಶೀರ್ವಾದ.

ಕಾಗದ ಓದಿ ನಕ್ಕೆ. ಅರ್ಧದವರೆಗೆ.

ಹಲ್ಲಿನ ಅಂಗಡಿಯಲ್ಲಿ ಕೂತು ಗೆಳೆಯರು ಕಟ್ಟಿದ ಪಂದ್ಯ ಅದು. "ನಮ್ಮ ಹಲ್ಲಿನ ಸೆಟ್ಟು ಹಾಕಿಕೊಂಡವರೆಲ್ಲ ವೋಟು ಹಾಕಿದ್ರೆ ಸಾಕು, ನಿನ್ನ ಠೇವಣಿ ಉಳಿಯುತ್ತೆ ಕಣೋ" ಅಂದರು. ನಾನೂ ಹೂಂ ಅಂದೆ. ಆಗ ನನಗೆ ನಿನ್ನ ವಯಸ್ಸು, ನಿನ್ನಷ್ಟೇ ಬುದ್ಧಿ. ಎಣಿಕೆಯ ಕೊಠಡಿಯಲ್ಲಿ ಫಲಿತಾಂಶ ಓದಿದರು. ಮೂವರಲ್ಲಿ ಎಲ್ಲರಿಗಿಂತ ಹೆಚ್ಚು ಮತ ನನಗೆ ಬಂದಿತ್ತು. ಗಿರಣಿಯವರಿಗಿಂತ ಹೆಚ್ಚು, ಕಾರ್ಮಿಕ ಸಂಘದವರಿಗಿಂತ ಹೆಚ್ಚು. ಓದಿದ ಅಧಿಕಾರಿಗೇ ನಗು ತಡೆಯಲಾಗಲಿಲ್ಲ. ಆಮೇಲೆ ಕೊಠಡಿಯೆಲ್ಲ ನಕ್ಕಿತು. ಹೊರಗೆ ರಸ್ತೆಯಲ್ಲೂ ನಕ್ಕರು. ಹಾರ ಹಾಕುತ್ತಾ ನಕ್ಕರು. ಇಲ್ಲಿ ಸಮುದ್ರದ ಸದ್ದು ಕೇಳುತ್ತದೆ. ಕೆಲವು ದಿನ ಅದು ಸಮುದ್ರದ ಸದ್ದೆಂದು ಅನ್ನಿಸುವುದಿಲ್ಲ.

ನನ್ನ ಬಗ್ಗೆ ಒಂದು ಸಾಲು ಸಾಕು: ಮೂರನೆಯವ ಆಯ್ಕೆಯಾದ, ರಾಜೀನಾಮೆ ಕೊಟ್ಟ.

ಅಕ್ಕನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿಸಬೇಡ.

ನಿನ್ನ ಮಾವ


ಜನವರಿ 27

ಸರ್ವಜನ ಸಂಪೂಜಿತ, ಕುಶಾಲಿನಿಂದ ಕುರ್ಚಿಗೇರಿದ, ಆದರೆ ಕುಶಾಲು ಮರೆತ ಮಾವನವರ ಸಮ್ಮುಖಕ್ಕೆ.

ಒಂದು ಸಾಲಂತೆ! ನಿನ್ನ ಒಂದು ಸಾಲನ್ನು ಮಡಿಸಿ ಕುರ್ಚಿಯ ಕುಂಟುಕಾಲಿಗೆ ಕೊಟ್ಟಿದ್ದೇನೆ. ಈಗ ಅಲುಗಾಡುವುದಿಲ್ಲ.

ಇತಿಹಾಸಕಾರ್ತಿ ಸುಮ್ಮನೆ ಕೂರಲಿಲ್ಲ. ಚಪ್ಪಲಿ ಮೆಟ್ಟಿ, ಪೆನ್ನು ಕಿವಿಗೆ ಸಿಕ್ಕಿಸಿ ಹೊರಟಳು. ಸಾಕ್ಷಿ ಹೇಳಿದವರು ಇವರು:

ನಿವೃತ್ತ ಬಸ್ ಕಂಡಕ್ಟರು. ಸ್ಟಾಂಡಿನ ಹಿಂದಿನ ಓಣಿಯಲ್ಲಿ, ಬನಿಯನ್ನು ಹಾಕಿಕೊಂಡು, ಹಳೆಯ ಸೀಟಿ ಊದುತ್ತಾ ಮೊಮ್ಮಗನಿಗೆ ಸ್ನಾನ ಮಾಡಿಸುತ್ತಿದ್ದರು. ನಿನ್ನ ಹೆಸರೆತ್ತಿದೆ. ಚೊಂಬು ಕೆಳಗಿಟ್ಟರು. "ಕೇಳಮ್ಮ," ಅಂದರು, "ಮೊದಲನೇದು ಗಿರಣಿಗೆ ಹಾಕಿದ್ದು ಕೆಲಸ ಹೋದೀತು ಅಂತ. ಎರಡನೇದು ಭಾವಮೈದ ಮುನಿಸ್ಕೊಂಡಾನು ಅಂತ. ಮೂರನೇದು ಹಾಕುವಾಗ ಮಾತ್ರ ನನ್ನ ಕೈ ನಡುಗ್ಲಿಲ್ಲ ನೋಡು."

ಬ್ರೆಡ್ಡಿನಂಗಡಿಯ ಅಜ್ಜಿ. ಒಲೆಯ ಬಾಗಿಲು ಮುಚ್ಚಿ, ಕೈಗಂಟಿದ ಹಿಟ್ಟು ಒರೆಸಿಕೊಂಡು ಹೇಳಿದರು: "ನಗ್ತಾ ಹಾಕಿದ್ವಿ, ಸುಳ್ಳು ಯಾಕೆ ಹೇಳ್ಲಿ. ಅಳ್ತಾ ಹಾಕೋಕೆ ಇನ್ನೆರಡು ಇತ್ತಲ್ಲೇ."

ಕೇಳಿದೆಯಾ ಮಾವ? ಕುಶಾಲು ನಿನ್ನ ಮೇಲಲ್ಲ, ಉಳಿದೆರಡರ ಮೇಲೆ. ನೀನು ಇಷ್ಟು ವರ್ಷ ತಪ್ಪು ಕಿವಿಯಲ್ಲಿ ಕೇಳಿಸಿಕೊಂಡಿದ್ದೀಯ.

ಮೊದಲ ಕಂತು ಅಚ್ಚಾಯಿತು. ಅಭಿಮಾನಿಗಳು ಆಗಲೇ ಬರತೊಡಗಿದ್ದಾರೆ. ನಿನ್ನೆ ಒಬ್ಬರು ಕಚೇರಿಗೇ ಬಂದಿದ್ದರು. ವಯಸ್ಸಾದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಎಷ್ಟು ಮೆಲ್ಲಗೆಂದರೆ ಅಚ್ಚಿನ ಯಂತ್ರವನ್ನೇ ನಿಲ್ಲಿಸಬೇಕಾಯಿತು. ಮೆಲುದನಿ ಎಂದು ಹೆಸರಿಟ್ಟಿದ್ದೇನೆ. ನನ್ನ ಮೇಜಿನ ಮುಂದೆ ಕೂತು, ಕಂತನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದರು. "ಚೆನ್ನಾಗಿ ಬರೀತೀಯಮ್ಮ. ನಾಲ್ಕನೇ ಚುನಾವಣೆ ಯಾವ ವಾರ ಬರುತ್ತೆ?" ಅಂದರು. ದೊಡ್ಡವರ ಮನೆಯವರಂತೆ. ಅದೇ, ಮೂರು ಹೋಳಿಗೂ ಒಂದೇ ತಟ್ಟೆ ಹಿಡಿದ ಮನೆ. ಇಂಥ ಓದುಗರು ಇನ್ನಿಬ್ಬರು ಸಿಕ್ಕರೆ ಸಂಪಾದಕರು ನನ್ನ ಕುರ್ಚಿಗೆ ಹೊಸ ಕಾಲು ಹಾಕಿಸಿಯಾರು.

ಇತಿಹಾಸಕಾರ್ತಿ, ತರಲೆ


ಫೆಬ್ರವರಿ 8

ಮಗೂ,

ಮೊದಲು ಇದಕ್ಕೆ ಉತ್ತರ ಬರಿ. ಆ ಮೆಲುದನಿಯ ಮನುಷ್ಯ ನಗುವಾಗ ಮೇಲಿನ ಎಡಗಡೆಯ ಕೋರೆಹಲ್ಲು ಒಂಚೂರು ಕೆಳಗಿಳಿಯುತ್ತದೆಯೇ? ಹೌದಾದರೆ ಆ ಸೆಟ್ಟು ನಾನು ಮಾಡಿದ್ದು. ಅಚ್ಚು ತೆಗೆಯುವಾಗ ಅವನು ಅಲುಗಾಡಿದ. ಸರಿ ಮಾಡಿಕೊಡುತ್ತೇನೆ ಎಂದೆ. "ಇರ್ಲಿ ಬಿಡಿ, ಹೀಗೇ ಚೆನ್ನಾಗಿದೆ" ಅಂದ.

ನಿನಗೆ ಹೇಳಬಾರದೆಂದಿದ್ದೆ. ಹೇಳದಿದ್ದರೆ ನೀನು ಅವನಿಗೆ ಕುರ್ಚಿ ಎಳೆದುಕೊಡುತ್ತಲೇ ಇರುತ್ತೀಯ.

ನನಗಿಂತ ಮೊದಲು ಮೂರನೇ ಕುರ್ಚಿ ಯಾವಾಗಲೂ ದೊಡ್ಡವರ ತಮ್ಮನದು. ನನ್ನಿಂದ ಅದು ಹೋಯಿತು. ಅದನ್ನಾದರೂ ಅವರು ನಕ್ಕು ಸಹಿಸುತ್ತಿದ್ದರೇನೋ. ಆದರೆ ನನ್ನ ಜೊತೆ ಗೆದ್ದಿದ್ದ ಸಂಘದ ಸದಸ್ಯರೂ ನಾನೂ ಸೇರಿ, ದೊಡ್ಡವರು ಗುತ್ತಿಗೆ ಹಿಡಿದು ಕಟ್ಟಿಸಿದ ಸೇತುವೆ ಬಿರುಕು ಬಿಟ್ಟದ್ದರ ಬಗ್ಗೆ ಶಾಸನಸಭೆಯಲ್ಲಿ ಪ್ರಶ್ನೆ ಕೇಳಿದೆವು. ಪ್ರಶ್ನೆ ಆ ಸದಸ್ಯರದು. ನಾನು ಎದ್ದು ನಿಂತು "ನನ್ನದೂ ಅದೇ" ಎಂದೆ, ಅಷ್ಟೇ. ವಾಪಸ್ಸು ಬರುವಾಗ ಅವರು ಕಾರಿನಲ್ಲಿ ಬಂದರು, ನಾನು ಬಸ್ಸಿನಲ್ಲಿ. ಕಾರು ಅದೇ ಸೇತುವೆಯಿಂದ ಕೆಳಗೆ ಬಿತ್ತು. ಮರುದಿನ ಬೆಳಿಗ್ಗೆ ಈ ಮನುಷ್ಯ ಅಂಗಡಿಗೆ ಬಂದ. ಅಚ್ಚಿನ ಮೇಣ ಕಾಯಿಸುತ್ತಿದ್ದೆ. "ಮೂರರಲ್ಲಿ ಒಂದು ಖಾಲಿಯಾಯ್ತು ಪಾಪ. ಇನ್ನೊಂದು ಹೇಗೆ ಖಾಲಿಯಾಗ್ಬೇಕು ಅನ್ನೋದು ನಿಮ್ಮ ಕೈಲಿದೆ" ಅಂದ. ಬಹಳ ಮೆಲ್ಲಗೆ ಅಂದ. ನಾನು ರಾಜೀನಾಮೆ ಬರೆದೆ. ಸಾಯಂಕಾಲದ ರೈಲಿಗೆ ಅಕ್ಕ ಬಂದು ಹತ್ತಿಸಿದಳು.

ಇತಿಹಾಸ ಸಾಕು. ಬೇರೇನಾದರೂ ಬರಿ. ಹವಾಮಾನದ ಬಗ್ಗೆ ಬರಿ.

ಆದರೆ ಒಂದು ಮಾತು. ಕಂಡಕ್ಟರು ನಿಜವಾಗಿ ಹಾಗಂದರೇ? "ಕೈ ನಡುಗಲಿಲ್ಲ" ಎಂದೇ? ಅಜ್ಜಿ ಬೇರೇನಾದರೂ ಹೇಳಿದರೇ? ನೆನಪಿದ್ದರೆ ಅವರ ಮಾತಿನಲ್ಲೇ ಬರೆದು ಕಳಿಸು. ನಿನ್ನ ಮಾತು ಸೇರಿಸಬೇಡ.

ಮಾವ


ಫೆಬ್ರವರಿ 15

ಮಾನ್ಯ ಮಾಜಿ ಸದಸ್ಯರ ಅವಗಾಹನೆಗೆ.

ಇಳಿಯುತ್ತದೆ. ಎಡಗಡೆಯದೇ. ನಿನ್ನ ಕಾಗದ ಬರುವ ಮುಂಚೆಯೇ ಗಮನಿಸಿದ್ದೆ. ನೋಡಲು ಮುದ್ದಾಗಿದೆ ಅಂದುಕೊಂಡಿದ್ದೆ, ಥೂ.

ಇಷ್ಟು ವರ್ಷ ನೀನು ಊರು ಬಿಟ್ಟದ್ದು ನಾಚಿಕೆಗೆ ಎಂದು ತಿಳಿದಿದ್ದೆ. ಅಮ್ಮನೂ ಹಾಗೇ ತಿಳಿಯಲು ಬಿಟ್ಟಳು. ನಿನ್ನ ಕಾಗದ ತೋರಿಸಿದೆ. ಓದಿದಳು, ಮಡಿಸಿದಳು, ಕಿಟಕಿ ಹಾಕಿದಳು. "ಅವನು ಬದುಕಿದ್ದಾನಲ್ಲ, ಸಾಕು" ಅಂದಳು. ಆಮೇಲೆ ಸೌಟಿನ ಸದ್ದೂ ಇಲ್ಲ. ಅದು ಬಡಿಯುತ್ತಿದ್ದಾಗಲೇ ಚೆನ್ನಾಗಿತ್ತು.

ಇನ್ನೊಂದು ಸಂಗತಿ. ನಿನ್ನ ಲಕೋಟೆ ನನಗೆ ಸಿಕ್ಕಾಗ ಅಂಟು ಹಸಿಯಾಗಿತ್ತು. ದೂರದ ಸಮುದ್ರದೂರಿನಿಂದ ಬಂದ ಕಾಗದದ ಅಂಟು ನಮ್ಮ ಬೀದಿಗೆ ಬರುವ ಹೊತ್ತಿಗೆ ಹಸಿಯಾಗುವುದು ಹೇಗೆಂದು ವಿಜ್ಞಾನಿಗಳು ಶೋಧಿಸಬೇಕು. ಅಂಚೆಯವನನ್ನು ಕೇಳಿದೆ. "ತೇವ ಇರುತ್ತಮ್ಮ" ಅಂದ, ನನ್ನ ಮುಖ ನೋಡದೆ.

ಸಂಪಾದಕರು ಸರಣಿ ನಿಲ್ಲಿಸಿದ್ದಾರೆ. "ಜಾಗ ಇಲ್ಲ" ಅಂದರು. ಆ ಜಾಗದಲ್ಲಿ ಈ ವಾರ ದೊಡ್ಡವರ ಮಗನ ಫೋಟೋ ಬಂದಿದೆ. ಮೂರನೇ ಕುರ್ಚಿಗೆ ಅವನೇ. ಅಚ್ಚುಮೊಳೆ ಜೋಡಿಸುವ ಅಣ್ಣ ನನ್ನ ಹತ್ತಿರ ಬಂದು, "ನಾಲ್ಕನೇ ಕಂತಿನ ಅಚ್ಚು ಕಳಚಿಬಿಡು ಅಂದಿದಾರೆ, ಕಳಚ್ಲಾ?" ಎಂದು ಕೇಳಿದ. ನೀನೂ ಸಂಘದ ಸದಸ್ಯರೂ ಇದ್ದ ಪುಟ ಅದು. "ಕಳಚು" ಎಂದೆ. ಅಕ್ಷರಗಳು ಖಾನೆಗೆ ಬೀಳುವ ಸದ್ದು ಅಷ್ಟು ಜೋರಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಇರಲಿ. ಸಾಕ್ಷಿಗಳ ಮಾತು ಕೇಳಿದ್ದೆಯಲ್ಲ. ನನ್ನ ಮಾತು ಸೇರಿಸಿಲ್ಲ, ಆಣೆ. ಅಜ್ಜಿ ಮತ್ತೂ ಅಂದರು: "ಅವನು ನಮ್ಮ ಬಾಯಿಗೆ ಹಲ್ಲು ಕೊಟ್ಟೋನು. ನಾವು ಆ ಹಲ್ಲಲ್ಲಿ ಅವನಿಗೋಸ್ಕರ ಒಂದು ಮಾತೂ ಆಡ್ಲಿಲ್ಲ." ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬರು, ಬಟ್ಟೆ ಒಣಹಾಕುತ್ತಾ, ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಹೇಳಿದರು: "ಅವರು ಹೋದ ಮೇಲೆ ನಾನು ವೋಟೇ ಹಾಕಿಲ್ಲ ಕಣಮ್ಮ. ಒಂದೇ ಚೀಟಿ ಕೊಡ್ತಾರೆ, ಅದು ಹೆದರಿಕೆಗೇ ಖರ್ಚಾಗುತ್ತೆ." ಇನ್ನೂ ಎಷ್ಟೋ ಜನ. ಎಲ್ಲರೂ ಕೇಳುವುದು ಒಂದೇ: ಅವರು ಹೇಗಿದಾರೆ?

ಚೆನ್ನಾಗಿದ್ದೀಯ ತಾನೇ?

ತರಲೆ


ಫೆಬ್ರವರಿ 24

ಕುಂಟುಕಾಲಿನ ಸಿಂಹಾಸನಾಧೀಶ್ವರಿಯೂ, ಅಖಿಲ ಕರಡು ತಿದ್ದುವವರ ಶಿರೋಮಣಿಯೂ, ಆಸ್ಥಾನ ಇತಿಹಾಸಕಾರ್ತಿಯೂ ಆದ ತರಲೆಯವರಿಗೆ, ಅವರ ಮಾವ ಮಾಡುವ ಅನಂತ ವಂದನೆಗಳು.

ನೋಡು, ನನಗೂ ಬರುತ್ತದೆ. ಮರೆತಿದ್ದೆ ಅಷ್ಟೇ.

ನಿನ್ನ ಕಾಗದ ಎಷ್ಟು ಸಲ ಓದಿದೆನೋ. ಮಡಿಕೆಯಲ್ಲಿ ಹರಿಯುತ್ತಿದೆ, ಹಿಂದೆ ಹಲ್ಲಿನ ಅಚ್ಚಿನ ತೆಳುಬಟ್ಟೆ ಅಂಟಿಸಿದ್ದೇನೆ. ಒಂದೇ ಚೀಟಿ ಹೆದರಿಕೆಗೇ ಖರ್ಚಾಗುತ್ತದೆ! ಆ ನರ್ಸ್ ಯಾರೆಂದು ನೆನಪಾಗುತ್ತಿಲ್ಲ. ಆದರೆ ಆ ಮಾತು ನನ್ನ ಹೊಟ್ಟೆಯೊಳಗಿಂದಲೇ ಬಂದ ಹಾಗಿದೆ.

ಕೇಳು. ಜನ ನನ್ನನ್ನು ನಗೆಪಾಟಲು ಮಾಡಲೆಂದೇ ಆರಿಸಿದ್ದರೆ, ನಾನು ಓಡಿಬಂದದ್ದು ಸರಿ. ತಮಾಷೆ ಮುಗಿಯಿತು, ವೇಷ ಕಳಚಿತು. ಆದರೆ ಅವರು ಮನಸ್ಸಿಟ್ಟು ಹಾಕಿದ್ದರೆ? ಆಗ ನಾನು ಯಾರನ್ನು ಬಿಟ್ಟು ಓಡಿಬಂದೆ? ಸಂಘದ ಸದಸ್ಯರ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. "ನನ್ನದೂ ಅದೇ" ಎಂದವನು ನಾನೊಬ್ಬ ಉಳಿದಿದ್ದೇನೆ.

ಮತ್ತೆ ಮೂರು ಕುರ್ಚಿ, ಮತ್ತೆ ಮೂರು ಚೀಟಿ. ಬರುತ್ತೇನೆ. ನಾಮಪತ್ರ ಹಾಕುತ್ತೇನೆ. ಬಾಚಣಿಗೆ ಯಾರೂ ಕೇಳಿರಲಾರರು, ಅದೇ ಸಿಗುತ್ತದೆ. ತಲೆಯಲ್ಲಿ ಮಾತ್ರ ಈಗ ಬಾಚಲು ಏನೂ ಉಳಿದಿಲ್ಲ.

ಪೆಟ್ಟಿಗೆ ಕಟ್ಟಿಯಾಗಿದೆ. ನಾನು ದುಡಿಯುವ ಹಲ್ಲಿನ ಲ್ಯಾಬಿನ ಯಜಮಾನರಿಗೆ ಹೇಳಿ ರಜೆ ತೆಗೆದುಕೊಂಡೆ. ಆಶ್ಚರ್ಯವೆಂದರೆ ಈ ವಾರ ಇಬ್ಬರು ಹೊಸ ಗಿರಾಕಿಗಳು ಬಂದಿದ್ದರು, ನನ್ನನ್ನೇ ಕೇಳಿಕೊಂಡು. ಹಲ್ಲಿಗೇನಾಗಿದೆ ತೋರಿಸಿ ಎಂದರೆ ಬಾಯಿ ತೆರೆಯಲೇ ಇಲ್ಲ. ಗೋಡೆಯ ಮೇಲಿನ ಅಚ್ಚುಗಳನ್ನು ನೋಡಿದರು, ಕಿಟಕಿ ಎಲ್ಲಿಗೆ ತೆರೆಯುತ್ತದೆ ಎಂದು ನೋಡಿದರು, ನಾನು ಯಾವಾಗ ಹೊರಡುವುದೆಂದು ಕೇಳಿದರು. ಸೂಜಿಗೆ ಹೆದರುವವರು ಹೀಗೇ. ವಾಪಸು ಬಂದ ಮೇಲೆ ಮಾಡಿಕೊಡುತ್ತೇನೆ ಎಂದೆ.

ಅಕ್ಕನಿಗೆ ಈಗಲೇ ಹೇಳಬೇಡ. ಬಾಗಿಲಲ್ಲಿ ನಿಂತು ಕರೆಯಬೇಕು ಎಂದಿದೆ.

ನಿನ್ನ ಮಾವ, ಮೂರನೆಯವ


ಮಾರ್ಚ್ 1

ಮಾವ,

ಬರಬೇಡ. ಇಲ್ಲಿ ಬಹಳ ಸೆಕೆ. ಅಮ್ಮನಿಗೆ ಮೈ ಸರಿಯಿಲ್ಲ, ಮನೆಯಲ್ಲಿ ಜಾಗವೂ ಇಲ್ಲ, ಮಹಡಿಯ ಕೋಣೆಗೆ ಸುಣ್ಣ ಬಳಿಯುತ್ತಿದ್ದಾರೆ. ಬಸ್ಸುಗಳೂ ಸರಿಯಾಗಿ ಓಡುತ್ತಿಲ್ಲ. ಚುನಾವಣೆಯೇ ಮುಂದಕ್ಕೆ ಹೋಗಬಹುದು ಅನ್ನುತ್ತಾರೆ. ಮುಂದಿನ ವರ್ಷ ನಾನೇ ಅಲ್ಲಿಗೆ ಬಂದು ಸಮುದ್ರ ನೋಡುತ್ತೇನೆ.

ದಯವಿಟ್ಟು ಬರಬೇಡ. ಈ ಸಲ ತಮಾಷೆ ಅಲ್ಲ.

ತರಲೆ


ಮಾರ್ಚ್ 6
ಜಂಕ್ಷನ್ನಿನ ವಸತಿಗೃಹ

ತರಲೆ,

ನಿನ್ನ ಕಾಗದ ಹೊರಡುವ ದಿನ ಸಿಕ್ಕಿತು. ಓದಿ ಜೋರಾಗಿ ನಕ್ಕೆ, ಪಕ್ಕದ ಮನೆಯವರು ಇಣುಕಿದರು. ಸುಣ್ಣ ಬಳಿಯುತ್ತಿದ್ದಾರಂತೆ, ಬಸ್ಸಿಲ್ಲವಂತೆ, ಸೆಕೆಯಂತೆ! "ತಮಾಷೆ ಅಲ್ಲ" ಎಂದು ಕೊನೆಗೆ ಬೇರೆ ಬರೆದಿದ್ದೀಯ. ಊರಿನವರೆಲ್ಲ ಸೇರಿ ಏನೋ ಏರ್ಪಾಡು ಮಾಡುತ್ತಿದ್ದೀರಿ, ನನಗೆ ಗೊತ್ತಾಗಬಾರದು ಎಂದು ನಾಟಕ ಹೂಡಿದ್ದೀಯ. ನಾನೂ ಒಂದು ಕಾಲಕ್ಕೆ ಇದೇ ಕಸುಬಿನವನು. ನನ್ನ ಕಿವಿಗೆ ಹೂವಿಡಲು ಬರಬೇಡ.

ಜಂಕ್ಷನ್ನಿಗೆ ಬಂದಿಳಿದೆ. ಕೋಣೆ ಸಣ್ಣದು. ಒಂದು ಮಂಚ, ಒಂದು ಹೂಜಿ, ಬೀದಿಯ ಕಡೆ ಕಿಟಕಿ. ನಾಳೆ ಒಂದು ದಿನ ದಣಿವಾರಿಸಿಕೊಂಡು ನಾಡಿದ್ದು ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸ್ಟೇಷನ್ನಿನಲ್ಲಿ ಒಬ್ಬ ತರುಣ ತಾನಾಗಿ ಬಂದು ಪೆಟ್ಟಿಗೆ ಎತ್ತಿಕೊಂಡ. "ಊರಿಂದ ಕಾರು ಕಳಿಸಿದಾರೆ ಸಾರ್, ನಿಮ್ಮನ್ನ ಕರ್ಕೊಂಡು ಹೋಗೋಕೆ" ಅಂದ. ಯಾರು ಕಳಿಸಿದ್ದು ಎಂದೆ. "ನಿಮಗೆ ವೋಟು ಹಾಕ್ದೋರು" ಅಂದ. ನೋಡಿದೆಯಾ, ನಿನ್ನ ಗುಟ್ಟು ಹೊರಬಿತ್ತು.

ನಾನು ಕಾರಿನಲ್ಲಿ ಕೂರುವುದಿಲ್ಲ, ಬಸ್ಸಿಗೇ ಬರುತ್ತೇನೆ ಎಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ ಸಾರ್, ಕಾಯ್ತೀನಿ" ಅಂದ. ಕಿಟಕಿಯಿಂದ ಕಾಣುತ್ತಾನೆ. ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾನೆ. ನಾನು ನೋಡಿದಾಗಲೆಲ್ಲ ಕೈ ಎತ್ತುತ್ತಾನೆ.

ಹೆದರಿಕೆ ಇಲ್ಲ ಎಂದರೆ ಸುಳ್ಳು. ಬೆಂಚಿನ ಮೇಲಿನವನು ಯಾರ ಕಡೆಯವನೂ ಆಗಿರಬಹುದು, ಅಷ್ಟು ನನಗೂ ತಿಳಿಯುತ್ತದೆ. ಆದರೆ ಹಿಂದೆ ನಾನು ಒಬ್ಬನೇ ಇದ್ದೆ. ಈಗ ಕಂಡಕ್ಟರಿದ್ದಾರೆ, ಅಜ್ಜಿ ಇದ್ದಾರೆ, ಆ ನರ್ಸ್ ಇದ್ದಾರೆ. ಒಬ್ಬನನ್ನು ಸೇತುವೆಯಿಂದ ತಳ್ಳಬಹುದು, ಅಷ್ಟು ಜನರನ್ನು ತಳ್ಳಲಾಗುವುದಿಲ್ಲ. ನಿನ್ನ ಹಾಳೆಗಳು ಜೇಬಿನಲ್ಲಿವೆ.

ಈ ಕಾಗದವನ್ನು ಅಂಚೆಗೆ ಹಾಕದೆ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ನಿಮ್ಮ ಬೀದಿಯ ಅಂಟಿಗೆ ತೇವ ಜಾಸ್ತಿಯಲ್ಲವೇ.

ಮಾವ


ಮಾರ್ಚ್ 7

ಮಾವ,

ಡ್ರೈವರ್ ಅಣ್ಣ ನಿನ್ನ ಕಾಗದ ಕೊಟ್ಟು ಹೊರಗೆ ನಿಂತಿದ್ದಾರೆ. ಜಂಕ್ಷನ್ನಿಗೆ ಹೋಗುವ ಇವತ್ತಿನ ಬಸ್ಸು ಅವರದೇ, ಬೇಗ ಬರೆಯಬೇಕು. ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೂ ನಿಂತಿರುತ್ತೇನೆ ಎಂದಿದ್ದಾರೆ. ಆ ವಸತಿಗೃಹದ ಅಡಿಗೆಮನೆಗೆ ಹಿಂದಿನ ಬಾಗಿಲಿದೆಯಂತೆ, ಅದು ಸ್ಟೇಷನ್ನಿನ ಕಡೆಗೇ ತೆರೆಯುತ್ತದಂತೆ. ದಾರಿ ಅವರೇ ತೋರಿಸುತ್ತಾರೆ. ಸಂಜೆಯ ರೈಲಿಗೆ ಹತ್ತಿಬಿಡು. ಆದರೆ ಮನೆಗೆ ಹೋಗಬೇಡ. ಲ್ಯಾಬಿಗೆ ಬಂದ ಆ ಇಬ್ಬರು ಗಿರಾಕಿಗಳಲ್ಲ. ಬೇರೆ ಯಾವುದಾದರೂ ಊರಲ್ಲಿ ಇಳಿದುಕೋ. ವಿಳಾಸ ನನಗೂ ಬರೆಯಬೇಡ.

ಡ್ರೈವರ್ ಅಣ್ಣ ಬರುವ ಮುಂಚೆ, ಬೆಳಿಗ್ಗೆ, ನಿನಗೆ ತಂತಿ ಕೊಡಲು ಹೋಗಿದ್ದೆ. ಅಂಚೆ ಕಚೇರಿಯ ಜಗಲಿಯಲ್ಲಿ ಮೆಲುದನಿ ಕೂತಿದ್ದ. ಎದ್ದು ನಿಂತು ಬಾಗಿಲು ಹಿಡಿದುಕೊಟ್ಟ. "ಮಾವ ಜಂಕ್ಷನ್ ತಲುಪಿದ್ರಂತಲ್ಲಮ್ಮ. ಕಾರು ಬೇಡ ಅಂದ್ರಂತೆ. ಹಳೇ ಅಭ್ಯಾಸ" ಅಂದ. ನಕ್ಕ. ನೀನು ಇಳಿದ ಸುದ್ದಿ ನನಗೆ ಇನ್ನೂ ಬಂದಿರಲಿಲ್ಲ, ಅವನಿಗೆ ಬಂದಿತ್ತು. ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ನನಗೆ ಹೊಡೆದಳು, ನಾನು ಹುಟ್ಟಿದ ಮೇಲೆ ಮೊದಲ ಸಲ. ಆಮೇಲೆ, "ಬರಿ. ಇದ್ದದ್ದು ಇದ್ದಹಾಗೆ ಬರಿ. ಒಂದು ಸಲವಾದರೂ" ಅಂದಳು. ಈಗ ಎದುರಿಗೇ ಕೂತಿದ್ದಾಳೆ.

ಇದ್ದದ್ದು ಇದು. ಕಂಡಕ್ಟರ್ ಹಾಗೆ ಅನ್ನಲಿಲ್ಲ. ಅಜ್ಜಿ ಅನ್ನಲಿಲ್ಲ. ನರ್ಸ್ ಯಾರೆಂದು ನಿನಗೆ ನೆನಪಾಗಲಿಲ್ಲವಲ್ಲ, ಅಂಥ ನರ್ಸ್ ಇಲ್ಲ. ಕ್ಲಿಪ್ಪನ್ನು ನಾನೇ ಅವರ ಬಾಯಿಗಿಟ್ಟೆ, ನಿಜವೆಂದು ಅನ್ನಿಸಲಿ ಎಂದು. ನಿನ್ನ ಜನವರಿಯ ಕಾಗದದಲ್ಲಿ ಸಮುದ್ರದ ಸದ್ದಿನ ಬಗ್ಗೆ ಬರೆದಿದ್ದೆಯಲ್ಲ, ಅದನ್ನು ಓದಿ ತಡೆಯಲಾಗಲಿಲ್ಲ. ಒಂದು ಸುಳ್ಳು ಹೇಳಿದರೆ ಮಾವ ಒಂದು ದಿನ ಚೆನ್ನಾಗಿ ನಿದ್ದೆ ಮಾಡಿಯಾನು ಅಂದುಕೊಂಡೆ. ನೀನು ಇನ್ನಷ್ಟು ಕೇಳಿದೆ. ಇನ್ನಷ್ಟು ಹೇಳಿದೆ. ನೀನು ಪೆಟ್ಟಿಗೆ ಕಟ್ಟುತ್ತೀಯ ಎಂದು ಗೊತ್ತಿರಲಿಲ್ಲ.

ಹಾಗಾಗಿ ನಿನ್ನ ಜೇಬಿನಲ್ಲಿ ಯಾರೂ ಇಲ್ಲ ಮಾವ. ನೀನು ಒಬ್ಬನೇ ಬರುತ್ತಿದ್ದೀಯ. ತಿರುಗಿ ಹೋಗು.

ಈ ಹಾಳೆಗೆ ಮುಂಚೆ ಇನ್ನೊಂದು ಬರೆದು ಹರಿದೆ. ಅದರಲ್ಲಿ, ನಿನ್ನ ಹೆಸರು ಹೇಳಿದ ಕೂಡಲೇ ಎಲ್ಲರೂ ನಕ್ಕರು, ಕಂಡಕ್ಟರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು ಎಂದು ಬರೆದಿದ್ದೆ. ಅದನ್ನು ಓದಿದರೆ ನೀನು ಖಂಡಿತ ಹಿಂದಿನ ಬಾಗಿಲಿಂದ ಹೊರಡುತ್ತಿದ್ದೆ, ನನಗೆ ಗೊತ್ತು. ಅಮ್ಮನೂ ಅದನ್ನೇ ಕಳಿಸು ಎಂದು ಒಂದು ಗಳಿಗೆ ಅಂದಳು. ಆದರೆ ಅದೂ ಸುಳ್ಳೇ.

ಅವರು ನಿನಗೆ ಯಾಕೆ ಹಾಕಿದರೋ ನನಗೆ ಗೊತ್ತಿಲ್ಲ. ನಾನು ಯಾರ ಮನೆಯ ಬಾಗಿಲನ್ನೂ ತಟ್ಟಲಿಲ್ಲ ಮಾವ. ಕೇಳಿದರೆ ನಕ್ಕುಬಿಡುತ್ತಾರೇನೋ ಎಂದು ಹೆದರಿಕೆಯಾಯಿತು.